ರೆಕ್ಕೆಯ ಸುತ್ತಲ ಗಾಳಿ: ಎಂಜಿನಿಯರ್ ಕಲ್ಪನಾ ಚಾವ್ಲಾ



ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲೆ, ಸರ್ ಎಂ. ವಿಶ್ವೇಶ್ವರಯ್ಯನವರ ಪಟದ ಆಚೀಚೆ ಎಲ್ಲೋ, ಕಿತ್ತಳೆ ಬಣ್ಣದ ದಪ್ಪ ಉಡುಪು ತೊಟ್ಟು ನಗುವ ಕಲ್ಪನಾ ಚಾವ್ಲಾ ಅವರ ಪಟವೂ ಇರುತ್ತದೆ. ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳು ಅವರ ಬಗ್ಗೆ ಬಾಯಿಪಾಠ ಒಪ್ಪಿಸುತ್ತಾರೆ. ಹರಿಯಾಣದಲ್ಲಿ ಹುಟ್ಟಿದರು, ನಕ್ಷತ್ರ ನೋಡಿ ಕನಸು ಕಂಡರು, ಅಂತರಿಕ್ಷಕ್ಕೆ ಹೋದರು, ಅಲ್ಲಿಂದ ಬರುವಾಗ ತೀರಿಕೊಂಡರು. ಚಂಡೀಗಢದ ಕಾಲೇಜು ಬಿಟ್ಟ 1982ಕ್ಕೂ ಮೊದಲ ಬಾರಿ ನೌಕೆ ಹತ್ತಿದ 1997ಕ್ಕೂ ನಡುವೆ ಹದಿನೈದು ವರ್ಷಗಳಿವೆ. ಆ ಹದಿನೈದು ವರ್ಷ ಅವರು ಹೊಟ್ಟೆಪಾಡಿಗೆ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರೆ ಮಕ್ಕಳಿರಲಿ, ಮೇಷ್ಟರೂ ತಡವರಿಸುತ್ತಾರೆ.

ಅವರು ಗಾಳಿಯ ಲೆಕ್ಕ ಹಾಕುತ್ತಿದ್ದರು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ, ಎಲ್ಲಿ ಸುಳಿಗಟ್ಟುತ್ತದೆ, ಎಲ್ಲಿ ಮೇಲೆತ್ತುತ್ತದೆ, ಎಲ್ಲಿ ಕೆಳಗೆ ಎಳೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು ಅವರ ವೃತ್ತಿ. ಪಟದ ಹಿಂದೆ ಮರೆಯಾದ ಆ ಎಂಜಿನಿಯರ್ ಬಗ್ಗೆಯೇ ಈ ಹೊತ್ತಿನ ಮಾತು.

ಈಗಿನ ಹರಿಯಾಣದ ಕರ್ನಾಲ್ 1960ರ ದಶಕದಲ್ಲಿ ಸಣ್ಣ ಊರು. ದೇಶ ವಿಭಜನೆಯ ಕಾಲದಲ್ಲಿ ಎಲ್ಲ ಬಿಟ್ಟು ಬಂದು, ಇಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡು, ಟೈರಿನ ಉದ್ಯಮ ನಡೆಸುತ್ತಿದ್ದ ಬನಾರಸಿಲಾಲ್ ಚಾವ್ಲಾ ಅವರ ನಾಲ್ಕು ಮಕ್ಕಳಲ್ಲಿ ಕಿರಿಯವಳು ಕಲ್ಪನಾ. ಹುಟ್ಟಿದ್ದು 1962ರ ಮಾರ್ಚ್ 17ರಂದು. ದಾಖಲೆಯಲ್ಲಿರುವುದು 1961ರ ಜುಲೈ 1. ಪರೀಕ್ಷೆಗೆ ಕೂರಲು ವಯಸ್ಸು ಸಾಲದೆಂದು ಹೆಚ್ಚಿಸಿ ಬರೆಸಿದ ತಾರೀಖು ಅದು. ನಮ್ಮಲ್ಲಿ ಒಂದು ತಲೆಮಾರಿನ ಅರ್ಧ ಜನರ ಜನ್ಮದಿನ ಮೇಷ್ಟರು ಕೊಟ್ಟದ್ದೇ ಆಗಿರುವುದರಿಂದ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆ ಸಣ್ಣ ಊರಿಗೆ ಒಂದು ಭಾಗ್ಯವಿತ್ತು: ಅಲ್ಲೊಂದು ಫ್ಲೈಯಿಂಗ್ ಕ್ಲಬ್ ಇತ್ತು. ಆಕಾಶದಲ್ಲಿ ಗುಂಯ್‌ಗುಡುವ ಪುಟ್ಟ ವಿಮಾನಗಳನ್ನು ನೋಡಿ ಅಣ್ಣ ತಂಗಿ ಇಬ್ಬರೂ ಅಪ್ಪನನ್ನು ಕಾಡಿದರು. ಅಪ್ಪ ಕ್ಲಬ್ಬಿಗೆ ಕರೆದೊಯ್ದು ಪುಷ್ಪಕ್ ವಿಮಾನದಲ್ಲಿ ಒಂದು ಸುತ್ತು, ಗ್ಲೈಡರಿನಲ್ಲಿ ಒಂದು ಸುತ್ತು ಹಾಕಿಸಿದರು. ಎಷ್ಟೋ ವರ್ಷಗಳ ಮೇಲೆ ನಾಸಾ ನಡೆಸಿದ ಸಂದರ್ಶನದಲ್ಲಿ ಕಲ್ಪನಾ ಇದನ್ನು ನೆನೆದಿದ್ದಾರೆ. ಕನ್ನಡಿಗರಿಗೆ ಇಲ್ಲೊಂದು ಸಂತೋಷದ ಸಂಗತಿಯಿದೆ. ಪುಷ್ಪಕ್ ತಯಾರಾದದ್ದು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ. ಇಬ್ಬರು ಕೂರುವ, ಬಟ್ಟೆ ಹೊದಿಸಿದ ಮೈಯ ಆ ವಿಮಾನ ಮೊದಲು ಹಾರಿದ್ದು 1958ರಲ್ಲಿ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿಯೇ ಅದನ್ನು ಕಟ್ಟಿದ್ದರು. ಮುಂದೆ ಕೊಲಂಬಿಯಾ ನೌಕೆ ಹತ್ತಿದ ಹುಡುಗಿ ಮೊದಲು ನೆಲ ಬಿಟ್ಟದ್ದು ಬೆಂಗಳೂರಿನ ಕಾರ್ಮಿಕರು ಜೋಡಿಸಿದ ರೆಕ್ಕೆಗಳ ಮೇಲೆ.

ಅದೇ ಸಂದರ್ಶನದ ಇನ್ನೊಂದು ಮಾತು ಭಾಷಣ ಸ್ಪರ್ಧೆಯ ಕಥೆಯನ್ನು ಅಲುಗಾಡಿಸುತ್ತದೆ. ಶಾಲೆಯ ದಿನಗಳಲ್ಲಿ ಗಗನಯಾತ್ರಿಯಾಗುವ ಯೋಚನೆಯೇ ಇರಲಿಲ್ಲ, ವಿಮಾನಗಳ ವಿನ್ಯಾಸ ಮಾಡಬೇಕೆಂಬ ಆಸೆಯಿತ್ತು ಎಂಬರ್ಥದಲ್ಲಿ ಅವರು ಹೇಳಿದ್ದಾರೆ. ಹಾಗೆಂದೇ ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಏರೋನಾಟಿಕಲ್ ವಿಭಾಗವನ್ನೇ ಹಿಡಿದರು. ಹೆಣ್ಣುಮಗಳಿಗೆ ಅದು ಏಕೆ, ಬೇರೆ ವಿಭಾಗ ತಗೋ ಎಂದವರಿದ್ದರು. ಅವರು ಕೇಳಲಿಲ್ಲ. 1982ರಲ್ಲಿ ಪದವಿ, ಅದೇ ವರ್ಷ ಅಮೆರಿಕದ ಟೆಕ್ಸಸ್ ರಾಜ್ಯದ ಆರ್ಲಿಂಗ್ಟನ್‌ಗೆ ಪ್ರಯಾಣ, 1984ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಎಂ.ಎಸ್.; 1988ರಲ್ಲಿ ಬೋಲ್ಡರ್‌ನ ಕೊಲರಾಡೊ ವಿಶ್ವವಿದ್ಯಾಲಯದಿಂದ ಏರೋಸ್ಪೇಸ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್. ಈ ನಡುವೆ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಝಾನ್ ಪಿಯೆರ್ ಹ್ಯಾರಿಸನ್ ಅವರೊಡನೆ ಮದುವೆಯಾಯಿತು. ಕಲ್ಪನಾ ತಾವೂ ಹಾರಾಟ ಕಲಿತು, ಗ್ಲೈಡರ್, ಸಮುದ್ರವಿಮಾನ, ಎರಡು ಎಂಜಿನ್ನಿನ ವಿಮಾನ ಎಲ್ಲಕ್ಕೂ ಪರವಾನಗಿ ಪಡೆದು, ಕಲಿಸುವ ಅರ್ಹತೆಯನ್ನೂ ಗಳಿಸಿಕೊಂಡರು.

ಡಾಕ್ಟರೇಟ್ ಆದ ವರ್ಷವೇ ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಸಂಶೋಧನಾ ಕೇಂದ್ರ ಸೇರಿದರು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಹ್ಯಾರಿಯರ್ ಎಂಬ ಯುದ್ಧವಿಮಾನದ ಹೆಸರು ಕೇಳಿರುತ್ತೀರಿ. ನಮ್ಮ ನೌಕಾಪಡೆಯ ಐಎನ್‌ಎಸ್ ವಿರಾಟ್ ಹಡಗಿನ ಮೇಲೆ 2016ರವರೆಗೂ ಇದ್ದದ್ದು ಅದರ ಸಮುದ್ರ ಮಾದರಿ, ಸೀ ಹ್ಯಾರಿಯರ್. ಅದು ಎಂಜಿನ್ನಿನ ಬಿಸಿಗಾಳಿಯನ್ನು ನಾಲ್ಕು ಮೂತಿಗಳಿಂದ ನೇರ ಕೆಳಕ್ಕೆ ಉಗುಳಿ, ನಿಂತಲ್ಲೇ ಇಳಿಯಬಲ್ಲ ವಿಮಾನ. ನೆಲ ಹತ್ತಿರವಾದಂತೆ ತಾಪತ್ರಯ ಶುರು. ಕೆಳಕ್ಕೆ ಧುಮುಕಿದ ಗಾಳಿ ನೆಲಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ಹರಡುತ್ತದೆ. ಮಧ್ಯದಲ್ಲಿ ಎರಡು ಹರಿವು ಎದುರಾದಲ್ಲಿ ಬುಗ್ಗೆಯಂತೆ ಚಿಮ್ಮಿ ವಿಮಾನದ ಹೊಟ್ಟೆಗೆ ತಾಗುತ್ತದೆ. ಹೊರಕ್ಕೆ ಓಡುವ ಗಾಳಿ ಸುತ್ತಲಿನದನ್ನೂ ಎಳೆದೊಯ್ದು, ರೆಕ್ಕೆಯಡಿ ಒತ್ತಡ ತಗ್ಗಿಸಿ, ವಿಮಾನವನ್ನು ನೆಲದತ್ತ ಹೀರುತ್ತದೆ. ಮೇಲೆದ್ದ ಬಿಸಿಗಾಳಿಯನ್ನು ಎಂಜಿನ್ ಮತ್ತೆ ಒಳಗೆಳೆದುಕೊಂಡರೆ ಅದರ ಬಲ ಕುಸಿಯುತ್ತದೆ. ಇಳಿಯುವ ಕೊನೆಯ ಕೆಲವು ಅಡಿಗಳಲ್ಲಿ ಪೈಲಟ್ಟಿನ ಜೀವ ಈ ಹರಿವುಗಳ ಕೈಯಲ್ಲಿರುತ್ತದೆ. ಇಂಥ ಹರಿವನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ಏಮ್ಸ್‌ನಲ್ಲಿ ಕಲ್ಪನಾ ಅವರ ಕೆಲಸವಾಗಿತ್ತು. ಅನೇಕ ಪ್ರೊಸೆಸರುಗಳು ಒಟ್ಟಿಗೆ ದುಡಿಯುವ ಸಮಾಂತರ ಕಂಪ್ಯೂಟರುಗಳು ಆಗತಾನೇ ಬರುತ್ತಿದ್ದವು. ಹಳೆಯ ಲೆಕ್ಕದ ಪ್ರೋಗ್ರಾಮುಗಳನ್ನು ಅವುಗಳಿಗೆ ಒಗ್ಗಿಸುವ ಕೆಲಸವನ್ನೂ ಮಾಡಿದರು.

1993ರಲ್ಲಿ ಲಾಸ್ ಆಲ್ಟೋಸ್ ಎಂಬಲ್ಲಿನ ಓವರ್‌ಸೆಟ್ ಮೆಥಡ್ಸ್ ಎಂಬ ಸಂಸ್ಥೆಗೆ ಉಪಾಧ್ಯಕ್ಷೆಯಾಗಿ, ಸಂಶೋಧಕಿಯಾಗಿ ಹೋದರು. ಗಾಳಿಯ ಲೆಕ್ಕ ಹಾಕಬೇಕಾದರೆ ವಿಮಾನದ ಸುತ್ತಲ ಜಾಗವನ್ನು ಲಕ್ಷಗಟ್ಟಲೆ ಸಣ್ಣ ಕೋಶಗಳ ಜಾಲರಿಯಾಗಿ ಒಡೆದು, ಪ್ರತಿ ಕೋಶದಲ್ಲೂ ವೇಗ, ಒತ್ತಡ, ಉಷ್ಣತೆ ಕಂಡುಹಿಡಿಯಬೇಕು. ವಿಮಾನದಿಂದ ಇನ್ನೊಂದು ವಸ್ತು ಕಳಚಿ ಬೇರೆಯಾಗಿ ಚಲಿಸಿದರೆ ಒಂದೇ ಜಾಲರಿ ಸಾಲದು, ಎಳೆದಂತೆಲ್ಲ ಹರಿದುಹೋಗುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ, ಪ್ರತಿ ವಸ್ತುವಿಗೂ ಅದರದೇ ಜಾಲರಿ ಕೊಟ್ಟು, ಮಂಗಳೂರು ಹೆಂಚಿನ ಮಾಡಿನಲ್ಲಿ ಒಂದರ ಅಂಚು ಇನ್ನೊಂದರ ಮೇಲೆ ಕೂರುವ ಹಾಗೆ ಅವುಗಳನ್ನು ಒಂದರ ಮೇಲೊಂದು ಹಾಯಿಸಿ, ಹಾಯ್ದ ಜಾಗದಲ್ಲಿ ಅಂಕಿಗಳನ್ನು ಪರಸ್ಪರ ದಾಟಿಸುವುದು. ಒಟ್ಟಿಗೆ ಚಲಿಸುವ ಹಲವು ಕಾಯಗಳ ಸುತ್ತಲ ಗಾಳಿ ಎಂಬುದು ಅಲ್ಲಿ ಅವರ ತಂಡದ ವಿಷಯ. ಈ ವಿಷಯವನ್ನು ನೆನಪಿಟ್ಟುಕೊಳ್ಳಿ. ಹತ್ತು ವರ್ಷಗಳ ನಂತರ, ಯಾರೂ ಬಯಸದ ರೀತಿಯಲ್ಲಿ, ಅದು ಮತ್ತೆ ಬರುತ್ತದೆ.

ಇಂಥವರನ್ನು ನಾಸಾ ಅಂತರಿಕ್ಷಕ್ಕೆ ಯಾಕೆ ಕಳಿಸಿತು? ಮೊದಲ ತಲೆಮಾರಿನ ಗಗನಯಾತ್ರಿಗಳು ಸೇನೆಯ ಟೆಸ್ಟ್ ಪೈಲಟ್‌ಗಳು. 1965ರಲ್ಲಿ ಕೆಲವೇ ವಿಜ್ಞಾನಿಗಳಿಗೆ ಜಾಗ ಸಿಕ್ಕಿತು. ಬಾಗಿಲು ನಿಜವಾಗಿ ತೆರೆದದ್ದು ಷಟಲ್ ನೌಕೆಗಳಿಗಾಗಿ 1978ರಲ್ಲಿ 35 ಮಂದಿಯನ್ನು ಆರಿಸಿದಾಗ. ಅವರಲ್ಲಿ 20 ಮಂದಿ ಪೈಲಟ್ ಹುದ್ದೆಯವರಲ್ಲ, ಮಿಷನ್ ಸ್ಪೆಷಲಿಸ್ಟ್ ಎಂಬ ಹೊಸ ಹುದ್ದೆಯವರು: ಎಂಜಿನಿಯರುಗಳು, ವೈದ್ಯರು, ವಿಜ್ಞಾನಿಗಳು. ಆ ತಂಡದಲ್ಲಿ ಆರು ಮಂದಿ ಮಹಿಳೆಯರಿದ್ದರು. ಕಲ್ಪನಾ ಬಂದದ್ದು ಆ ಹುದ್ದೆಯ ಮೂಲಕ. 1991ರಲ್ಲಿ ಅಮೆರಿಕದ ಪೌರತ್ವ, 1994ರ ಡಿಸೆಂಬರಿನಲ್ಲಿ ಆಯ್ಕೆ, 1995ರ ಮಾರ್ಚಿನಲ್ಲಿ ಹ್ಯೂಸ್ಟನ್‌ನ ನಾಸಾ ಕೇಂದ್ರಕ್ಕೆ. ರಿಕ್ ಹಸ್ಬೆಂಡ್, ಮೈಕೆಲ್ ಆಂಡರ್ಸನ್, ಜಪಾನಿನ ತಕಾವೊ ಡೋಯಿ ಅದೇ ತಂಡದವರು.

ಹ್ಯೂಸ್ಟನ್‌ನಲ್ಲೂ ಮೊದಲು ಸಿಕ್ಕಿದ್ದು ಮೇಜಿನ ಮುಂದಿನ ಕೆಲಸವೇ. ನೌಕೆಯ ರೋಬಾಟ್ ತೋಳು ಎಲ್ಲಿದೆ, ಯಾವುದಕ್ಕೆ ತಾಗಲಿದೆ ಎಂಬುದನ್ನು ಒಳಗೆ ಕುಳಿತವರಿಗೆ ತೋರಿಸುವ ಪರದೆಗಳ ವಿನ್ಯಾಸ; ಷಟಲ್‌ನ ನಿಯಂತ್ರಣ ಸಾಫ್ಟ್‌ವೇರ್ ಅನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವುದು. 1997ರ ನವೆಂಬರ್ 19ರಂದು ಷಟಲ್ ನೌಕೆ ಕೊಲಂಬಿಯಾ ಏರಿದಾಗ ಆ ತೋಳನ್ನು ನಡೆಸುವ ಮುಖ್ಯ ಹೊಣೆ ಅವರದೇ.

ನವೆಂಬರ್ 21ರಂದು ನಡೆದದ್ದನ್ನು ನಮ್ಮ ಪಠ್ಯಗಳು ಸಾಮಾನ್ಯವಾಗಿ ಮುಚ್ಚಿಡುತ್ತವೆ. ಮುಚ್ಚಿಡಬೇಕಾದ್ದೇನೂ ಅದರಲ್ಲಿಲ್ಲ. ಸೂರ್ಯನ ಹೊರವಲಯವನ್ನು ನೋಡುವ, ಒಂದು ಟನ್ನಿಗೂ ಹೆಚ್ಚು ತೂಗುವ ಸ್ಪಾರ್ಟನ್ ಎಂಬ ಉಪಗ್ರಹವನ್ನು ತೋಳಿನಿಂದ ಎತ್ತಿ ಹೊರಗೆ ಬಿಡಬೇಕಿತ್ತು. ಬಿಟ್ಟರು. ತಾನು ಸರಿಯಾಗಿದ್ದೇನೆ ಎಂದು ತೋರಿಸಲು ಉಪಗ್ರಹ ಒಂದು ಸಣ್ಣ ತಿರುಗು ತಿರುಗಬೇಕಿತ್ತು. ತಿರುಗಲಿಲ್ಲ, ಅದನ್ನು ಎಬ್ಬಿಸುವ ಆದೇಶಗಳಲ್ಲಿ ಒಂದು ಅದಕ್ಕೆ ತಲುಪಿರಲಿಲ್ಲ. ಕಲ್ಪನಾ ತೋಳನ್ನು ಮತ್ತೆ ಮುಂದೊಯ್ದು ಹಿಡಿಯಲು ನೋಡಿದರು. ಹಿಡಿತ ಸಿಕ್ಕಿದ ಸೂಚನೆ ಬರಲಿಲ್ಲ. ತೋಳು ಹಿಂದೆಗೆಯುವಾಗ ಉಪಗ್ರಹಕ್ಕೆ ತಾಗಿ, ಅದು ನಿಧಾನವಾಗಿ ಬುಗುರಿಯಾಯಿತು, ಸೆಕೆಂಡಿಗೆ ಸುಮಾರು ಎರಡು ಡಿಗ್ರಿ. ಕಮಾಂಡರ್ ಕೆವಿನ್ ಕ್ರೆಗಲ್ ನೌಕೆಯನ್ನೇ ಆ ತಿರುಗಿಗೆ ಹೊಂದಿಸಲು ಯತ್ನಿಸಿದರು; ಇಂಧನ ಸುಮ್ಮನೆ ಖರ್ಚಾಗುತ್ತದೆಂದು ನೆಲದ ನಿಯಂತ್ರಣದವರು ನಿಲ್ಲಿಸಿದರು. ಮೂರು ದಿನದ ಮೇಲೆ ವಿನ್ಸ್ಟನ್ ಸ್ಕಾಟ್ ಮತ್ತು ತಕಾವೊ ಡೋಯಿ ಹೊರಗೆ ಹೋಗಿ, ಎರಡು ಬದಿಯಲ್ಲಿ ನಿಂತು, ಉಪಗ್ರಹ ಸರಿಯಾದ ಭಂಗಿಗೆ ಬರುವವರೆಗೂ ಕಾದು, ಬರಿ ಕೈಗವಸಿನಲ್ಲಿ ಅದನ್ನು ಹಿಡಿದರು. ಆ ನಡಿಗೆ 7 ಗಂಟೆ 43 ನಿಮಿಷದ್ದು.

ಮೊದಲ ಹಾರಾಟ, ಇಡೀ ಭಾರತ ನೋಡುತ್ತಿದೆ, ಕೈಯಿಂದ ಉಪಗ್ರಹ ಜಾರಿದೆ. ಪತ್ರಿಕೆಗಳು ಕೂಡಲೇ ಆಕೆಯತ್ತ ಬೆರಳು ತೋರಿದವು. ನಾಸಾ ತಿಂಗಳುಗಟ್ಟಲೆ ತನಿಖೆ ಮಾಡಿ ಹೇಳಿದ್ದು ಬೇರೆ: ಸಾಫ್ಟ್‌ವೇರ್ ಪರದೆಗಳ ರಚನೆಯಲ್ಲಿ, ಯಾತ್ರಿಗಳಿಗೂ ನೆಲದ ನಿಯಂತ್ರಣಕ್ಕೂ ಬರೆದುಕೊಟ್ಟ ಕಾರ್ಯವಿಧಾನದಲ್ಲಿ ದೋಷವಿತ್ತು. ಕಲ್ಪನಾ ಅವರ ಮೇಲೆ ಹೊಣೆ ಬರಲಿಲ್ಲ. ಒಬ್ಬರನ್ನು ಹಿಡಿದು ಅಮಾನತು ಮಾಡಿ ಕಡತ ಮುಚ್ಚುವ ಅಭ್ಯಾಸವಿರುವ ನಮ್ಮ ಇಲಾಖೆಗಳು ಆ ತನಿಖೆಯ ರೀತಿಯನ್ನು ಕಲಿಯಬಹುದು.

ಆ ಯಾನದಲ್ಲಿ 252 ಸುತ್ತು, ಒಂದು ಕೋಟಿಗೂ ಹೆಚ್ಚು ಕಿಲೋಮೀಟರ್. ವಾಪಸಾದ ಮೇಲೆ ಮತ್ತೆ ಮೇಜಿನ ಕೆಲಸ: ಷಟಲ್ ಮತ್ತು ಅಂತರಿಕ್ಷ ನಿಲ್ದಾಣದಲ್ಲಿ ಯಾತ್ರಿಗಳು ಬಳಸುವ ಉಪಕರಣಗಳು, ಅವರ ವಾಸದ ಅನುಕೂಲಗಳು. ಇದು ಸುದ್ದಿಯಾಗುವ ಕೆಲಸವಲ್ಲ. ಕರ್ನಾಲ್‌ನ ತಮ್ಮ ಶಾಲೆ ಟಾಗೋರ್ ಬಾಲ ನಿಕೇತನದಿಂದ ವರ್ಷಕ್ಕೆ ಇಬ್ಬರು ಮಕ್ಕಳು ನಾಸಾದ ಬೇಸಿಗೆ ಕಾರ್ಯಕ್ರಮಕ್ಕೆ ಬರುವ ಏರ್ಪಾಡು ಆದದ್ದೂ ಈ ಕಾಲದಲ್ಲೇ.

2000ದಲ್ಲಿ ಎರಡನೆಯ ಯಾನಕ್ಕೆ ಆಯ್ಕೆ. ಅದು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2002ರಲ್ಲಿ ಎಂಜಿನ್ನಿನ ಇಂಧನ ಕೊಳವೆಗಳ ಒಳಪದರದಲ್ಲಿ ಬಿರುಕು ಕಂಡು ಎಲ್ಲ ಷಟಲ್‌ಗಳೂ ನಿಂತವು. ಕೊನೆಗೆ 2003ರ ಜನವರಿ 16ರಂದು ಕೊಲಂಬಿಯಾ ಏರಿತು. ಕಮಾಂಡರ್ ರಿಕ್ ಹಸ್ಬೆಂಡ್. ಕಲ್ಪನಾ ಈ ಬಾರಿ ಫ್ಲೈಟ್ ಎಂಜಿನಿಯರ್: ಏರುವಾಗಲೂ ಇಳಿಯುವಾಗಲೂ ಕಮಾಂಡರ್ ಮತ್ತು ಪೈಲಟ್ಟಿನ ಹಿಂದೆ ಕುಳಿತು, ಮಾಡಬೇಕಾದ್ದರ ಪಟ್ಟಿ ನೋಡಿ ಹೇಳುತ್ತ, ಯಂತ್ರಗಳ ಮೇಲೆ ಕಣ್ಣಿಡುವ ಸ್ಥಾನ. ಏಳು ಮಂದಿ ಎರಡು ಪಾಳಿಯಲ್ಲಿ ಹಗಲು ರಾತ್ರಿ ದುಡಿದು ಸುಮಾರು 80 ಪ್ರಯೋಗ ಮಾಡಿದರು. ತೂಕವಿಲ್ಲದಲ್ಲಿ ಜ್ವಾಲೆ ಉಂಡೆಯಾಗಿ ಹೇಗೆ ಉರಿಯುತ್ತದೆ, ನೀರಿನ ಮಂಜು ಬೆಂಕಿಯನ್ನು ಹೇಗೆ ಆರಿಸುತ್ತದೆ ಎಂಬಂಥವು.

ಆದರೆ ನೌಕೆ ಏರಿದ 82ನೆಯ ಸೆಕೆಂಡಿನ ಹೊತ್ತಿಗೇ ಹೊರಗಿನ ಇಂಧನ ಟ್ಯಾಂಕಿನಿಂದ ಮುಕ್ಕಾಲು ಕಿಲೋ ತೂಕದ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ಮೆತ್ತನೆಯ ಫೋಮ್ ಏನು ಮಾಡೀತು ಎಂದು ಎಲ್ಲರಿಗೂ ಅನಿಸುತ್ತದೆ. ಅಲ್ಲಿದ್ದ ಅನೇಕರಿಗೂ ಅನಿಸಿತು. ಆದರೆ ಹಗುರವಾದ ವಸ್ತು ಗಾಳಿಗೆ ಸಿಕ್ಕೊಡನೆ ಗಕ್ಕನೆ ವೇಗ ಕಳೆದುಕೊಳ್ಳುತ್ತದೆ. ನೌಕೆ ಶಬ್ದದ ಎರಡು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಹೋಗಿ ಅದಕ್ಕೆ ಡಿಕ್ಕಿ ಹೊಡೆಯಿತು, ಗಂಟೆಗೆ 800 ಕಿಲೋಮೀಟರ್ ಆಸುಪಾಸಿನ ವ್ಯತ್ಯಾಸದಲ್ಲಿ.

ಮರುದಿನ ವಿಡಿಯೊದಲ್ಲಿ ಏಟು ಕಂಡಿತು. ನೆಲದಲ್ಲಿದ್ದ ಎಂಜಿನಿಯರುಗಳು ಹಾನಿಯ ಅಂದಾಜಿಗೆ ಬಳಸಿದ್ದು ಕ್ರೇಟರ್ ಎಂಬ ಹಳೆಯ ಲೆಕ್ಕದ ಮಾದರಿ. ಅದನ್ನು ಪರೀಕ್ಷಿಸಿ ಹೊಂದಿಸಿದ್ದು ತೀರಾ ಸಣ್ಣ ಚೂರುಗಳ ಮೇಲೆ. ಈ ತುಂಡು ಅವುಗಳ ನೂರಾರು ಪಟ್ಟು. ಹಾಗಿದ್ದೂ ಮಾದರಿ ಅಪಾಯವನ್ನೇ ಸೂಚಿಸಿತು. ಇದು ಯಾವಾಗಲೂ ಹೆಚ್ಚು ಮಾಡಿ ಹೇಳುತ್ತದೆ ಎಂದು ಆ ಸೂಚನೆಯನ್ನು ಬದಿಗಿಟ್ಟರು. ಮೇಲಧಿಕಾರಿಗಳಿಗೆ ತೋರಿಸಿದ ಸ್ಲೈಡಿನಲ್ಲಿ ತಲೆಬರಹ ಧೈರ್ಯ ಹೇಳುತ್ತಿತ್ತು. ಪರೀಕ್ಷೆಯ ವ್ಯಾಪ್ತಿಯನ್ನು ಮೀರಿದ ಏಟು ಇದು ಎಂಬ ಮುಖ್ಯ ಮಾತು ಕೆಳಗೆ ಸಣ್ಣಕ್ಷರದಲ್ಲಿ ಹೂತುಹೋಗಿತ್ತು. ರಾಡ್ನಿ ರೋಚಾ ಎಂಬ ಹಿರಿಯ ಎಂಜಿನಿಯರ್ ಮತ್ತು ಇತರರು ಕಕ್ಷೆಯಲ್ಲಿರುವ ನೌಕೆಯ ಚಿತ್ರ ತೆಗೆಸಬೇಕೆಂದು ಕೇಳಿದರು. ಒಂದು ಕೋರಿಕೆಯೂ ನಡೆಯಲಿಲ್ಲ. ಜನವರಿ 23ರಂದು ಯಾತ್ರಿಗಳಿಗೆ ಇಮೇಲ್ ಹೋಯಿತು: ಹೀಗೊಂದು ಏಟು ಬಿದ್ದಿದೆ, ಚಿಂತೆಯಿಲ್ಲ.

ಲೆಕ್ಕದ ಮಾದರಿಯೊಂದನ್ನು ಅದು ಬಲ್ಲ ಎಲ್ಲೆಯ ಆಚೆಗೆ ಎಳೆದರೆ ಏನಾಗುತ್ತದೆಂದು ಕಲ್ಪನಾ ಅವರಂತೆ ಬಲ್ಲವರು ಆ ನೌಕೆಯಲ್ಲಿ ಇನ್ನೊಬ್ಬರಿರಲಿಲ್ಲ ಎನ್ನಬಹುದು. ಅವರ ಮುಂದೆ ಆ ಲೆಕ್ಕವನ್ನು ಯಾರೂ ಇಡಲಿಲ್ಲ.

ಫೆಬ್ರುವರಿ 1, ಭಾರತದ ಸಮಯ ಸಂಜೆ ಏಳೂವರೆಯ ಹೊತ್ತಿಗೆ, ಇಳಿಯಲು ಹದಿನಾರು ನಿಮಿಷ ಬಾಕಿಯಿರುವಾಗ, ಸಂಪರ್ಕ ಕಡಿಯಿತು. ಕರ್ನಾಲ್‌ನ ಶಾಲೆಯಲ್ಲಿ ಮಕ್ಕಳು ಸಂಭ್ರಮಿಸಲು ಸೇರಿದ್ದರು. ನೌಕೆ ಚೂರಾದದ್ದು ಟೆಕ್ಸಸ್‌ನ ಆಕಾಶದಲ್ಲಿ, ಕಲ್ಪನಾ ಎಂ.ಎಸ್. ಓದಿದ ರಾಜ್ಯದ ಮೇಲೆ. ಅವಶೇಷಗಳಲ್ಲಿ ಸಿಕ್ಕಿದ ಒಂದು ವಿಡಿಯೊ ಟೇಪಿನಲ್ಲಿ ಇಳಿಯುವ ಮುನ್ನಿನ ಕೆಲವು ನಿಮಿಷಗಳಿವೆ. ಅದರಲ್ಲಿ ಕಾಣುವವರೆಲ್ಲ ತಮ್ಮ ತಮ್ಮ ಕೆಲಸದಲ್ಲಿದ್ದಾರೆ.

ಅಪಘಾತದ ತನಿಖಾ ಮಂಡಳಿಗೆ ಮೊದಲು ಬೇಕಾದದ್ದು ಫೋಮ್ ತುಂಡಿನ ದಾರಿ ಮತ್ತು ವೇಗ. ಅಂದರೆ, ಒಂದರಿಂದೊಂದು ಕಳಚಿ ಚಲಿಸುವ ಕಾಯಗಳ ಸುತ್ತಲ ಗಾಳಿಯ ಲೆಕ್ಕ. ಆ ಲೆಕ್ಕ ಹಾಕಿದವರಲ್ಲಿ ಏಮ್ಸ್ ಕೇಂದ್ರದ ಸಂಶೋಧಕರೂ ಇದ್ದರು. ಕಲ್ಪನಾ ದುಡಿದ ಕ್ಷೇತ್ರವೇ ಅವರ ಸಾವಿನ ಕಾರಣ ಹುಡುಕಲು ಬಂತು. ಜುಲೈ 7ರಂದು ಸ್ಯಾನ್ ಆಂಟೋನಿಯೊದಲ್ಲಿ ಅದೇ ವೇಗದಲ್ಲಿ ಫೋಮ್ ತುಂಡನ್ನು ರೆಕ್ಕೆಯಂಚಿನ ಇಂಗಾಲದ ಫಲಕಕ್ಕೆ ಹೊಡೆದು ನೋಡಿದರು. ಅಡಿಗೂ ಹೆಚ್ಚು ಅಗಲದ ತೂತು ಬಿತ್ತು. ಹಾಜರಿದ್ದವರಿಗೆ ಮಾತು ಹೊರಡಲಿಲ್ಲವಂತೆ. ಆಗಸ್ಟಿನಲ್ಲಿ ಬಂದ ವರದಿ ಫೋಮ್ ಎಷ್ಟು ಕಾರಣವೋ ಸಂಸ್ಥೆಯ ನಡವಳಿಕೆಯೂ ಅಷ್ಟೇ ಕಾರಣ ಎಂದು ನೇರವಾಗಿ ಬರೆಯಿತು.

ಇತ್ತ ನಮ್ಮ ದೇಶ ಅವರ ಹೆಸರನ್ನು ಸರಿಯಾದ ಜಾಗದಲ್ಲಿಯೇ ಇಟ್ಟಿತು. 2002ರ ಸೆಪ್ಟೆಂಬರಿನಲ್ಲಿ ಪಿಎಸ್‌ಎಲ್‌ವಿ ರಾಕೆಟ್ ಹಾರಿಸಿದ್ದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್-1ಕ್ಕೆ ಪ್ರಧಾನಿ ವಾಜಪೇಯಿ ಅವರು 2003ರ ಫೆಬ್ರುವರಿ 5ರಂದು ಕಲ್ಪನಾ-1 ಎಂದು ಹೆಸರಿಟ್ಟರು. ಹಾಸನದ ನಿಯಂತ್ರಣ ಕೇಂದ್ರದ ಸುಪರ್ದಿಯಲ್ಲಿದ್ದ ಅದು ಏಳು ವರ್ಷದ ಆಯುಷ್ಯಕ್ಕೆಂದು ಕಟ್ಟಿದ್ದರೂ ಅದನ್ನು ಮೀರಿ ಮೋಡಗಳ ಚಿತ್ರ ಕಳಿಸಿತು. ಟೀವಿಯಲ್ಲಿ ಮುಂಗಾರು ಎಲ್ಲಿಗೆ ಬಂತೆಂದು ನಮ್ಮ ರೈತರು ನೋಡಿದ ಚಿತ್ರಗಳಲ್ಲಿ ಅದರ ಪಾಲಿದೆ. 2004ರಲ್ಲಿ ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಮಹಿಳೆಯರಿಗಾಗಿ ಅವರ ಹೆಸರಿನ ಪ್ರಶಸ್ತಿ ಸ್ಥಾಪಿಸಿತು.

ಈಗ ಭಾರತ ತನ್ನದೇ ನೌಕೆಯಲ್ಲಿ ಮನುಷ್ಯರನ್ನು ಅಂತರಿಕ್ಷಕ್ಕೆ ಕಳಿಸುವ ಗಗನಯಾನ ಯೋಜನೆಯ ಕಾಲ. ಯಾತ್ರಿಗಳ ತರಬೇತಿ ನಡೆದಿರುವುದು ಬೆಂಗಳೂರಿನಲ್ಲಿ. ಮೊದಲು ಆರಿಸಿದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು. ಅವರಲ್ಲಿ ಶುಭಾಂಶು ಶುಕ್ಲಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಮಾಡಿದವರು, 2025ರ ಜೂನ್-ಜುಲೈನಲ್ಲಿ ಅಂತರಿಕ್ಷ ನಿಲ್ದಾಣಕ್ಕೂ ಹೋಗಿ ಬಂದರು. ಹೊಸ ನೌಕೆಯ ಮೊದಲ ಹಾರಾಟಗಳಿಗೆ ಪೈಲಟ್‌ಗಳೇ ಸರಿ, ಅಮೆರಿಕವೂ ಹಾಗೇ ಶುರು ಮಾಡಿತ್ತು. ಆದರೆ ಮುಂದಿನ ಆಯ್ಕೆಯ ಅರ್ಜಿ ನಮೂನೆ ಸಿದ್ಧವಾಗುವಾಗ ಸೇನೆಯಲ್ಲಿಲ್ಲದ ಎಂಜಿನಿಯರುಗಳಿಗೂ, ಹೆಣ್ಣುಮಕ್ಕಳಿಗೂ ಅದರಲ್ಲಿ ಜಾಗವಿರಬೇಕು. ಹುಬ್ಬಳ್ಳಿಯ, ಸುರತ್ಕಲ್ಲಿನ, ಕಲಬುರಗಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಾಳಿಯ ಲೆಕ್ಕ ಹಾಕುತ್ತಿರುವ ಹುಡುಗಿಗೆ ಅರ್ಜಿ ಹಾಕುವ ಅರ್ಹತೆಯಾದರೂ ಸಿಗಲಿ. ಇದನ್ನು ನಿರ್ಧರಿಸುವವರ ಕಚೇರಿಗಳು ಇರುವುದು ಬೆಂಗಳೂರಿನಲ್ಲೇ. ಈ ಸಭೆಯಿಂದ ಅವರಿಗೊಂದು ಮನವಿ ಹೋಗಲಿ ಎಂದು ಕೇಳಿಕೊಳ್ಳುತ್ತೇನೆ.